ಕರಾವಳಿಯ ಕೊಂಕಣಿ ಕ್ರೈಸ್ತರ ನತಾಲ್ ಹಬ್ಬವೂ ಮನೆಗೆ ಮರಳುವಿಕೆಯೂ

೧

ಹಬ್ಬವೆಂಬುದು ಕಾಲಕ್ಕೆ ಸೇರಿದುದೋ ಸ್ಥಳಕ್ಕೆ ಸೇರಿದುದೋ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಪಂಚಾಂಗವು ದಿನವನ್ನು ಗೊತ್ತುಮಾಡುವುದು. ಆ ದಿನವು ಬಂದಾಗ ಜನರು ತಾವಿದ್ದ ಎಡೆಯಲ್ಲಿಯೇ ಹಬ್ಬವನ್ನು ಆಚರಿಸುವರು. ಕ್ರಿಸ್ತ ಜಯಂತಿಯ ಮಟ್ಟಿಗಂತೂ ಈ ಮಾತು ಮತ್ತಷ್ಟು ಸಲ್ಲಬೇಕು. ಡಿಸೆಂಬರ್ ೨೫ನೆಯ ದಿನವು ರೋಮಿನಲ್ಲಿಯೂ ಮಂಗಳೂರಿನಲ್ಲಿಯೂ ಕುವೈತಿನಲ್ಲಿಯೂ ಒಂದೇ. ಅಂದು ನಡೆಯುವ ಪೂಜಾವಿಧಿಯೂ ಒಂದೇ. ಹೀಗಿದ್ದರೂ ಆ ದಿನವನ್ನು ಹಿರಿಯರ ಮನೆಯಲ್ಲಿ ಕಳೆದ ಹೊರತು ಹಬ್ಬವೇ ಆಗಲಿಲ್ಲವೆಂದು ಬಗೆಯುವ ಜನರು ನಮ್ಮ ಕರಾವಳಿಯಲ್ಲಿರುವರು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕೊಂಕಣಿ ಭಾಷೆಯ ರೋಮನ್ ಕ್ಯಾಥೊಲಿಕ್ ಕ್ರೈಸ್ತರೇ ಅವರು. ಅವರು ಈ ಹಬ್ಬವನ್ನು ನತಾಲ್ ಅಥವಾ ನತಾಲಾಂ ಎಂದು ಕರೆಯುವರು.

ಡಿಸೆಂಬರ್ ತಿಂಗಳಿನ ಉತ್ತರಾರ್ಧದಲ್ಲಿ ಈ ಜಿಲ್ಲೆಗಳ ಹಳ್ಳಿಗಳಿಗೆ ಮುಂಬಯಿಯಿಂದ, ದುಬೈಯಿಂದ, ದೋಹಾದಿಂದ, ಇನ್ನೂ ದೂರದ ದೇಶಗಳಿಂದ ಮಕ್ಕಳು ಮೊಮ್ಮಕ್ಕಳು ಮರಳಿ ಬರುವರು. ಎರಡು ವರ್ಷಕ್ಕೊಮ್ಮೆ ಬರುವವರುಂಟು. ಹತ್ತು ವರ್ಷಗಳ ಮೇಲೆ ಬರುವವರೂ ಉಂಟು. ಹಾಗೆ ಬಂದವರು ಬಯಸುವುದು ಒಂದನ್ನೇ: ಎಲ್ಲವೂ ಹಿಂದಿನಂತೆಯೇ ನಡೆಯಬೇಕು. ಹಿಟ್ಟನ್ನು ಮನೆಯಲ್ಲಿಯೇ ನಾದಬೇಕು, ಗೋದಲಿಯನ್ನು ಅದೇ ಮೂಲೆಯಲ್ಲಿ ಕಟ್ಟಬೇಕು, ನಡುರಾತ್ರಿಯ ಪೂಜೆಗೆ ಮನೆಮಂದಿಯೆಲ್ಲ ಒಟ್ಟಾಗಿ ನಡೆದುಹೋಗಬೇಕು.

ಇತಿಹಾಸವನ್ನು ಅಭ್ಯಸಿಸುವವರು ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ‘ಹಿಂದಿನಂತೆ’ ಎಂಬಲ್ಲಿ ಹಿಂದು ಎಂದರೆ ಯಾವುದು? ಈ ಸಂಪ್ರದಾಯವು ಎಂದಾದರೂ ಅವಿಚ್ಛಿನ್ನವಾಗಿ ಹರಿದುಬಂದುದುಂಟೆ? ಈ ಲೇಖನದಲ್ಲಿ ಪ್ರತಿಪಾದಿಸಬೇಕೆಂದಿರುವುದು ಇಷ್ಟು: ಕರಾವಳಿಯ ನತಾಲ್ ಹಬ್ಬವು ಒಂದೆಡೆ ನೆಲೆನಿಂತ ಜನರು ಕಾಪಾಡಿಕೊಂಡು ಬಂದ ಹಬ್ಬವಲ್ಲ, ಅದು ಹೊರಟುಹೋದವರು, ಒಯ್ಯಲ್ಪಟ್ಟವರು, ಮರಳಿ ಬಂದವರು ಮತ್ತೆ ಮತ್ತೆ ಕಟ್ಟಿದ ಹಬ್ಬ. ಮನೆಗೆ ಮರಳುವುದು ಈ ಹಬ್ಬಕ್ಕೆ ಹೊರಗಿನಿಂದ ಬಂದು ಸೇರಿದ ಅಲಂಕಾರವಲ್ಲ, ಅದರ ಅಸ್ಥಿಭಾರವೇ ಆಗಿರುವುದು.

೨

ಮೊದಲನೆಯದಾಗಿ ಹಬ್ಬದ ಪದಗಳನ್ನು ಪರಿಶೀಲಿಸೋಣ. ಲಿಖಿತ ದಾಖಲೆಗಳು ಮೌನವಾಗಿರುವ ಕಡೆಯಲ್ಲಿಯೂ ಪದಗಳು ಸಾಕ್ಷಿ ನುಡಿಯುವುವು. ನತಾಲ್ ಎಂಬುದು ಜನನವೆಂಬ ಅರ್ಥದಿಂದ ಹಬ್ಬದ ಹೆಸರಾದ ಪೋರ್ಚುಗೀಸ್ ಪದ. ಇಗರ್ಜಿ, ಪಾದ್ರಿ, ಪೂಜೆಗೆ ಹೇಳುವ ಮೀಸ್, ಇವೆಲ್ಲವೂ ಅದೇ ಭಾಷೆಯಿಂದ ಬಂದುವು. ಹಬ್ಬದ ತಿಂಡಿಗಳ ಸಮೂಹಕ್ಕೆ ಇರುವ ಕುಸ್ವಾರ್ ಎಂಬ ಹೆಸರನ್ನು, ನತಾಲಿನ ಹಿಂದಿನ ರಾತ್ರಿಯ ಊಟಕ್ಕೂ ಉಡುಗೊರೆಗೂ ಪೋರ್ಚುಗೀಸರು ಹೇಳುವ ಕೊನ್ಸೊಆದಾ ಎಂಬ ಪದದೊಡನೆ ಜೋಡಿಸುವುದು ರೂಢಿಯಲ್ಲಿದೆ.

ಆದರೆ ಕುಸ್ವಾರಿನ ತಟ್ಟೆಯ ಮೇಲಿನ ಹೊದಿಕೆಯನ್ನು ತೆಗೆದು ನೋಡಿದರೆ ಸಂಗತಿಯು ಬದಲಾಗುವುದು. ಅರ್ಧಚಂದ್ರಾಕಾರದ ನೆವ್ರಿ, ಸುರುಳಿಯಾಗಿ ಒತ್ತಿದ ಚಕ್ಲಿ, ಎಳ್ಳಿನ ಲಾಡು, ವಜ್ರಾಕೃತಿಯಲ್ಲಿ ಕತ್ತರಿಸಿ ಕರಿದ ತುಕ್ಡಿ, ಅಕ್ಕಿಹಿಟ್ಟಿನ ಗುಳಿಯೊ, ಬಾಚಣಿಗೆಯ ಹಲ್ಲುಗಳ ಮೇಲೆ ಒತ್ತಿ ಸುರುಳಿಸುವ ಕಿಡಿಯೊ, ಇವುಗಳ ಹೆಸರುಗಳಾಗಲಿ ಆಕೃತಿಗಳಾಗಲಿ ಬಹುಮಟ್ಟಿಗೆ ಈ ನೆಲದವೇ. ನೆವ್ರಿಯಂತೂ ಕೊಂಕಣಿಗ ಹಿಂದೂಗಳು ಗಣೇಶ ಚೌತಿಗೆ ಮಾಡುವ ಭಕ್ಷ್ಯವೇ ಸರಿ. ಕನ್ನಡ ನಾಡಿನ ಇತರ ಭಾಗಗಳಲ್ಲಿ ಅದನ್ನು ಕರ್ಜಿಕಾಯಿ ಎಂದು ಕರೆಯುವರು. ಕಿಡಿಯೊ ಎಂದರೆ ಹುಳುಗಳು ಎಂದರ್ಥ; ಆಕಾರವನ್ನು ನೋಡಿ ಮಕ್ಕಳಿಗೆ ತೋರುವ ಹೆಸರನ್ನೇ ಆ ತಿಂಡಿಗೆ ಇಟ್ಟಿರುವರು. ಇವುಗಳ ನಡುವೆ ಪರದೇಶದಿಂದ ಬಂದುದೂ ಉಂಟು. ಗೋಡಂಬಿಯ ಮರವು ಪೋರ್ಚುಗೀಸರ ಮೂಲಕ ಬ್ರೆಜಿಲ್ ದೇಶದಿಂದ ಈ ಕರಾವಳಿಗೆ ಬಂದುದು. ಗೋಡಂಬಿಯನ್ನು ಅರೆದು ಮೊಟ್ಟೆಯ ಬಿಳಿಯೊಡನೆ ಬೇಯಿಸುವ ಮಂಗಳೂರಿನ ಮೆಕರೂನು ಯುರೋಪಿನ ಕ್ರಮದ್ದು. ಹೀಗೆ ದೇವಾಲಯದ ಪದಗಳು ಕಡಲಿನಾಚೆಯವು, ಅಡಿಗೆಮನೆಯ ಪದಗಳು ಕಡಲಿನೀಚೆಯವು. ಎರಡೂ ಒಂದೇ ತಟ್ಟೆಯಲ್ಲಿ ಕೂಡಿರುವುವು.

ಈ ಕೂಟವು ಉಂಟಾದುದು ಗೋವೆಯಲ್ಲಿ. ೧೫೧೦ರಲ್ಲಿ ಗೋವೆಯು ಪೋರ್ಚುಗೀಸರ ವಶವಾಯಿತು. ೧೫೬೦ರಲ್ಲಿ ಅಲ್ಲಿ ಮತವಿಚಾರಣೆಯ ನ್ಯಾಯಸ್ಥಾನವು ಸ್ಥಾಪಿತವಾಯಿತು. ಹೊಸದಾಗಿ ಕ್ರೈಸ್ತರಾದವರು ಪೂರ್ವಾಚಾರಗಳನ್ನು ಬಿಟ್ಟಿರುವರೆ ಇಲ್ಲವೆ ಎಂಬುದನ್ನು ಆ ನ್ಯಾಯಸ್ಥಾನವು ಪರೀಕ್ಷಿಸುತ್ತಿತ್ತು. ೧೬೮೪ರಲ್ಲಿ ಕೊಂಕಣಿ ಭಾಷೆಯ ಬಳಕೆಯನ್ನೇ ನಿಲ್ಲಿಸಬೇಕೆಂದು ಅಲ್ಲಿನ ರಾಜಪ್ರತಿನಿಧಿಯು ಆಜ್ಞೆ ಮಾಡಿದನು. ೧೭೩೬ರ ಶಾಸನವು ಉಡುಗೆ, ಮದುವೆಯ ಹಾಡು, ಮನೆಯಂಗಳದ ತುಳಸಿ ಇವುಗಳ ವರೆಗೂ ಕೈಚಾಚಿತು. ಈ ಭಯವು ಒಂದು ಕಡೆ, ಕ್ಷಾಮವೂ ತೆರಿಗೆಯೂ ಇನ್ನೊಂದು ಕಡೆ, ೧೬೮೩ರಲ್ಲಿ ಸಂಭಾಜಿಯೂ ೧೭೩೦ರ ದಶಕದ ಅಂತ್ಯದಲ್ಲಿ ಮತ್ತೆ ಮರಾಠರೂ ನಡೆಯಿಸಿದ ದಾಳಿಗಳು ಮತ್ತೊಂದು ಕಡೆ ಸೇರಿ, ತಂಡತಂಡವಾಗಿ ಗೋವೆಯ ಕ್ರೈಸ್ತರನ್ನು ದಕ್ಷಿಣಕ್ಕೆ ನೂಕಿದುವು. ಅವರು ಕೆಳದಿಯ ನಾಯಕರ ಆಳ್ವಿಕೆಗೊಳಪಟ್ಟ ಕೆನರಾ ಸೀಮೆಗೆ ಬಂದು ಗದ್ದೆಗಳನ್ನು ಹಿಡಿದು ಬೇಸಾಯಗಾರರಾದರು.

ಆದುದರಿಂದ ಕೆನರಾದಲ್ಲಿ ನತಾಲ್ ಹಬ್ಬವು ಮೊದಲಿನಿಂದಲೂ ಊರು ಬಿಟ್ಟುಬಂದವರ ಹಬ್ಬವಾಗಿದ್ದಿತು. ಭಾಷೆಯನ್ನು ಬಿಡೆಂದು ಹೇಳಿದ ಆಜ್ಞೆಗಿಂತ ಆ ಭಾಷೆಯನ್ನಾಡುವ ಬಾಣಸದ ಒಲೆಯು ಬಲವಾದುದೆಂಬುದಕ್ಕೆ ಕುಸ್ವಾರಿನ ತಟ್ಟೆಯೇ ನಿದರ್ಶನ. ಶಾಸನಗಳು ಅಂಗಳದ ತುಳಸಿಯನ್ನು ಕೀಳಿಸಬಲ್ಲವಾದರೂ ನೆವ್ರಿಯ ಅಂಚನ್ನು ಮಡಿಸುವ ಬೆರಳುಗಳ ಅಭ್ಯಾಸವನ್ನು ಕೀಳಿಸಲಾರವು.

೩

ಈ ಹಬ್ಬದ ಚರಿತ್ರೆಯಲ್ಲಿ ಅತ್ಯಂತ ದಾರುಣವಾದ ವಿಚ್ಛೇದವು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸಂಭವಿಸಿತು. ಎರಡನೆಯ ಮೈಸೂರು ಯುದ್ಧದಲ್ಲಿ, ೧೭೮೩ರಲ್ಲಿ, ಜನರಲ್ ಮ್ಯಾಥ್ಯೂಸನ ಸೈನ್ಯವು ಮಂಗಳೂರನ್ನು ಹಿಡಿಯಿತು. ಟಿಪ್ಪು ಸುಲ್ತಾನನು ದೀರ್ಘಕಾಲದ ಮುತ್ತಿಗೆಯ ಮೇಲೆ ೧೭೮೪ರ ಆರಂಭದಲ್ಲಿ ಕೋಟೆಯನ್ನು ಮರಳಿ ಪಡೆದನು. ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಆಪಾದನೆಯ ಮೇಲೆ ಸುಲ್ತಾನನು ಅವರನ್ನು ಒಟ್ಟಾಗಿ ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಪಾದ್ರಿಗಳನ್ನು ನಾಡಿನಿಂದ ಹೊರಗಟ್ಟಲಾಯಿತು, ಇಗರ್ಜಿಗಳು ಕೆಡವಲ್ಪಟ್ಟುವು. ಮೂಡಬಿದಿರೆಯ ಬಳಿಯ ಹೊಸಪೇಟೆಯ ಇಗರ್ಜಿಯೊಂದು ಚೌಟ ಅರಸರ ಮಾತಿನ ಮೇರೆಗೆ ಉಳಿಯಿತೆಂಬುದು ಅಲ್ಲಿನ ಜನರ ಪ್ರತೀತಿ. ಸೆರೆಯಾದವರ ಸಂಖ್ಯೆಯನ್ನು ೩೦,೦೦೦ದಿಂದ ೮೦,೦೦೦ದ ವರೆಗೆ ಬೇರೆ ಬೇರೆಯಾಗಿ ಹೇಳಿರುವರು.

ಸೆರೆಯಾದುದು ವಿಭೂತಿ ಬುಧವಾರದಂದು, ಫೆಬ್ರವರಿ ೨೪ರಂದು ಎಂದು ಜನಾಂಗದ ಸ್ಮೃತಿಯಲ್ಲಿ ನೆಲೆನಿಂತಿದೆ. ಗಣಿತ ಮಾಡಿ ನೋಡಿದರೆ ೧೭೮೪ರಲ್ಲಿ ಪಾಸ್ಖ ಹಬ್ಬವು ಏಪ್ರಿಲ್ ೧೧ರಂದು ಬಿದ್ದುದರಿಂದ ವಿಭೂತಿ ಬುಧವಾರವು ಫೆಬ್ರವರಿ ೨೫ನೆಯ ದಿನವಾಗುವುದು, ೨೪ನೆಯದು ಮಂಗಳವಾರ. ಈ ಒಂದು ದಿನದ ವ್ಯತ್ಯಾಸವು ಅಲ್ಪವಾದುದಾದರೂ ಅದರಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಜನರು ನೆನಪಿನಲ್ಲಿಟ್ಟುಕೊಂಡುದು ತಿಂಗಳಿನ ದಿನಾಂಕವನ್ನಲ್ಲ, ಹಬ್ಬದ ಪಂಚಾಂಗದಲ್ಲಿ ಆ ದಿನಕ್ಕಿದ್ದ ಸ್ಥಾನವನ್ನು. ಹಣೆಗೆ ಬೂದಿಯನ್ನು ಹಚ್ಚಿ ಮನುಷ್ಯನು ಮಣ್ಣೆಂದು ಜ್ಞಾಪಿಸುವ ದಿನದಂದು ಮಣ್ಣಿನಿಂದಲೇ ತಮ್ಮನ್ನು ಕಿತ್ತೊಯ್ದರೆಂಬ ಭಾವನೆಯು ಅದರಲ್ಲಿ ಅಡಕವಾಗಿದೆ.

ಮಾರ್ಚಿ ೧೧ರಂದು ಮಂಗಳೂರಿನ ಕೌಲು ಆಗಿ ಯುದ್ಧವು ನಿಂತಿತು. ಆದರೆ ಸೆರೆಯಾದವರು ಹಿಂತಿರುಗಲಿಲ್ಲ. ೧೭೮೪ರಿಂದ ೧೭೯೮ರ ವರೆಗೆ ಹದಿನೈದು ನತಾಲ್ ಹಬ್ಬಗಳು ಕಳೆದುವು. ಹಬ್ಬಕ್ಕೆ ಬೇಕಾದುದೇನು ಎಂದು ಎಣಿಸಿ ನೋಡಿದರೆ ನಷ್ಟದ ಪ್ರಮಾಣವು ಮನಸ್ಸಿಗೆ ಬರುವುದು: ಪೂಜೆ ಮಾಡಲು ಪಾದ್ರಿ, ಸೇರಲು ಇಗರ್ಜಿ, ಅಕ್ಕಿಗಾಗಿ ಗದ್ದೆ, ತೆಂಗಿಗಾಗಿ ತೋಟ, ತಟ್ಟೆ ಕಳುಹಿಸಲು ನೆರೆಮನೆ. ಇವುಗಳಲ್ಲಿ ಒಂದಾದರೂ ಉಳಿಯಲಿಲ್ಲ. ಗಂಡಸರಲ್ಲಿ ಅನೇಕರನ್ನು ಸೈನ್ಯಕ್ಕೆ ಸೇರಿಸಲಾಯಿತು; ಅನೇಕರಿಗೆ ಮತಾಂತರವಾಯಿತು; ಹಾದಿಯಲ್ಲಿಯೂ ಸೆರೆಯಲ್ಲಿಯೂ ಬಹುಜನರು ಮಡಿದರು. ಕೆಲವರು ತಪ್ಪಿಸಿಕೊಂಡು ತಲಚೇರಿಗೆ ಹೋದರು. ಕೊಡಗಿನ ದೊಡ್ಡ ವೀರರಾಜೇಂದ್ರನು ತನ್ನ ನಾಡಿಗೆ ಓಡಿಬಂದವರಿಗೆ ಆಶ್ರಯವಿತ್ತನು. ೧೭೯೨ರಲ್ಲಿ ಆತನು ಕಟ್ಟಿಸಿದ ವೀರರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ಹೆಸರಿನ ಇಗರ್ಜಿಯು ಏರ್ಪಟ್ಟುದು ಇವರಿಗಾಗಿ. ಕೆಲವರ ಪಾಲಿಗೆ ಮರಳಿದ ಮನೆಯೆಂದರೆ ಅದೇ ಆಯಿತು.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಬದುಕಿದ್ದವರಲ್ಲಿ ಬಹುಮಂದಿ ಘಟ್ಟವನ್ನಿಳಿದು ಊರಿಗೆ ಹೊರಟರು. ಆ ವರ್ಷ ನತಾಲ್ ದಿನವು ಬುಧವಾರವಾಗಿತ್ತು. ಬುಧವಾರದಂದು ಹೋದವರಿಗೆ ಊರಿನ ಮೊದಲ ಹಬ್ಬವೂ ಬುಧವಾರದಂದೇ ಒದಗಿತು.

ಮರಳಿ ಬಂದವರ ವಯಸ್ಸನ್ನು ಗಮನಿಸಬೇಕು. ಐದು ವರ್ಷದ ಮಗುವಾಗಿ ಘಟ್ಟವನ್ನು ಹತ್ತಿದವನು ಇಪ್ಪತ್ತರ ಯುವಕನಾಗಿ ಇಳಿದುಬಂದನು. ಶ್ರೀರಂಗಪಟ್ಟಣದಲ್ಲಿ ಹುಟ್ಟಿದವರು ಊರನ್ನು ನೋಡಿಯೇ ಇರಲಿಲ್ಲ. ಹಿರಿಯರ ಮನೆಯಲ್ಲಿ, ಪಾದ್ರಿಗಳ ಸನ್ನಿಧಿಯಲ್ಲಿ ನಡೆದ ನತಾಲನ್ನು ಚೆನ್ನಾಗಿ ಬಲ್ಲವರೆಂದರೆ ಆಗ ಮೂವತ್ತು ಮೂವತ್ತೈದನ್ನು ದಾಟಿದ್ದವರು ಮಾತ್ರ. ಅಡಿಗೆಯ ಕ್ರಮವನ್ನು ಪೂರ್ಣವಾಗಿ ಬಲ್ಲವರು ಇನ್ನೂ ವಯಸ್ಸಾದ ಹೆಂಗಸರು. ಆದುದರಿಂದ ‘ಹಿಂದಿನಂತೆ ಮಾಡಬೇಕು’ ಎಂಬ ಮಾತು ಈ ಜನಾಂಗದಲ್ಲಿ ಮೊತ್ತಮೊದಲು ಅರ್ಥಪೂರ್ಣವಾದುದು ೧೭೯೯ರಲ್ಲಿಯೇ ಎಂದು ಹೇಳಿದರೆ ಸಲ್ಲುವುದು. ಹಿಂದು ಮುಂದು ಎಂಬ ಭೇದವಿಲ್ಲದೆ ವರ್ಷವರ್ಷವೂ ನಡೆಯುವ ಆಚಾರಕ್ಕೆ ಸಂಪ್ರದಾಯವೆಂಬ ಹೆಸರು ಬೇಕಾಗುವುದಿಲ್ಲ. ಒಮ್ಮೆ ಕಡಿದುಹೋದುದನ್ನು ನೆನಪಿನಿಂದ ಮತ್ತೆ ಕಟ್ಟುವಾಗಲೇ ಮನುಷ್ಯನು ಅದನ್ನು ಸಂಪ್ರದಾಯವೆಂದು ಕಾಣುವನು.

೪

ಹತ್ತೊಂಬತ್ತನೆಯ ಶತಮಾನವು ಪುನರ್ನಿರ್ಮಾಣದ ಕಾಲ. ಫ್ರಾನ್ಸಿಸ್ ಬುಕಾನನ್ನನು ೧೮೦೧ರಲ್ಲಿ ಕೆನರಾವನ್ನು ಸಂಚರಿಸಿ ೧೮೦೭ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಗ್ರಂಥದಲ್ಲಿ ಈ ಕ್ರೈಸ್ತರ ವಿಷಯವನ್ನು ಬರೆದಿರುವನು. ಬಿದ್ದ ಇಗರ್ಜಿಗಳು ಒಂದೊಂದಾಗಿ ಎದ್ದುವು. ಬಿಷಪ್ ತೋಮಸ್ ದೆ ಕಾಸ್ತ್ರೊ ಅವರು ೧೬೮೦ರಲ್ಲಿ ಸ್ಥಾಪಿಸಿದ್ದ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯೂ ಹೀಗೆ ಮರಳಿ ನಿರ್ಮಿತವಾದುದೇ.

೧೮೩೪ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಅವರಿಂದ ಕ್ರೈಸ್ತರಾದವರು ಪ್ರಾಟೆಸ್ಟಂಟರು. ಅವರ ಪ್ರಾರ್ಥನೆಯೂ ಹಾಡೂ ಕನ್ನಡದಲ್ಲಿಯೂ ತುಳುವಿನಲ್ಲಿಯೂ ನಡೆದುವು. ಮಿಶನ್ನಿನ ಮುದ್ರಣಾಲಯವು ಕನ್ನಡ ಸಾಹಿತ್ಯಕ್ಕೆ ಮಾಡಿದ ಉಪಕಾರವು ವಾಚಕರಿಗೆ ವಿದಿತವೇ ಆಗಿದೆ. ಕ್ಯಾಥೊಲಿಕರ ಕಡೆಯಲ್ಲಿ ೧೮೭೮ನೆಯ ಡಿಸೆಂಬರ್ ೩೧ರಂದು, ಎಂದರೆ ನತಾಲ್ ಕಳೆದ ಆರನೆಯ ದಿನ, ಇಟಲಿಯ ಜೆಸುಯಿಟ್ ಪಾದ್ರಿಗಳು ಮಂಗಳೂರಿನಲ್ಲಿಳಿದರು. ೧೮೮೦ರಲ್ಲಿ ಸಂತ ಅಲೋಶಿಯಸ್ ಕಾಲೇಜು ಪ್ರಾರಂಭವಾಯಿತು. ಅವರಲ್ಲೊಬ್ಬರಾದ ಆಂಜೆಲೊ ಮಾಫೆಯಿಯವರು ಕೊಂಕಣಿಯ ವ್ಯಾಕರಣವನ್ನು ೧೮೮೨ರಲ್ಲಿಯೂ ನಿಘಂಟನ್ನು ೧೮೮೩ರಲ್ಲಿಯೂ ಹೊರತಂದರು. ಇವು ಮುದ್ರಿತವಾದುದು ಬಾಸೆಲ್ ಮಿಶನ್ನಿನ ಮುದ್ರಣಾಲಯದಲ್ಲಿ ಎಂಬುದು ಗಮನಾರ್ಹ. ಇನ್ನೂರು ವರ್ಷಗಳ ಹಿಂದೆ ಗೋವೆಯಲ್ಲಿ ಆಜ್ಞೆಯಿಂದ ಅಡಗಿಸಬೇಕೆಂದಿದ್ದ ಭಾಷೆಯನ್ನು ಕೆನರಾದಲ್ಲಿ ಪಾದ್ರಿಯೊಬ್ಬರೇ ಶಾಸ್ತ್ರಬದ್ಧಗೊಳಿಸಿದರು.

ಕೊಂಕಣಿಯು ಇಲ್ಲಿ ಕನ್ನಡ ಲಿಪಿಯನ್ನು ಧರಿಸಿತು. ೧೯೧೨ರಲ್ಲಿ ‘ಕೊಂಕಣಿ ದಿರ್ವೆಂ’ ಎಂಬ ಪತ್ರಿಕೆಯೂ ೧೯೩೮ರಲ್ಲಿ ‘ರಾಕ್ಣೊ’ ಎಂಬ ಪತ್ರಿಕೆಯೂ ಹುಟ್ಟಿದುವು. ಮುಂಬಯಿಯಲ್ಲಿ ನೆಲಸಿದವರ ನಡುವೆ ‘ಪಯ್ಣಾರಿ’, ಎಂದರೆ ಪಯಣಿಗ, ಎಂಬ ಹೆಸರಿನ ಪತ್ರಿಕೆಯೇ ನಡೆಯಿತು. ಹೆಸರಿನಲ್ಲಿಯೇ ಜನಾಂಗದ ಸ್ಥಿತಿಯು ಸೂಚಿತವಾಗಿದೆ. ಮನೆಯಿಂದ ದೂರವಿದ್ದವನಿಗೆ ಊರಿನ ಮಾತು ಕನ್ನಡದ ಅಕ್ಷರಗಳಲ್ಲಿ ಬಂದು ಮುಟ್ಟುತ್ತಿತ್ತು. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳಿಗೆ ಆ ಅಕ್ಷರಗಳು ಅಪರಿಚಿತವಾದಾಗ ಊರೂ ಒಂದು ಹೆಜ್ಜೆ ದೂರ ಸರಿಯಿತು. ಕನ್ನಡ ಲಿಪಿಯ ಭಾಗ್ಯವೂ ಈ ಹಬ್ಬದ ಭಾಗ್ಯವೂ ಹೀಗೆ ಒಂದಕ್ಕೊಂದು ಹೆಣೆದುಕೊಂಡಿರುವುದನ್ನು ಕನ್ನಡ ಅಧ್ಯಾಪಕರು ಮನಸ್ಸಿಗೆ ತಂದುಕೊಳ್ಳಬೇಕು.

ನಡುರಾತ್ರಿಯ ಪೂಜೆಯ ಭಾಷೆಯೂ ಬದಲಾಯಿತು. ೧೯೬೩ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ದೇಶಭಾಷೆಗಳಿಗೆ ಪೂಜಾವಿಧಿಯಲ್ಲಿ ಸ್ಥಾನವನ್ನು ಕೊಟ್ಟಿತು. ಅಲ್ಲಿಂದ ಮುಂದೆ ಕೆಲವು ವರ್ಷಗಳಲ್ಲಿ ಲ್ಯಾಟಿನ್ನಿನ ಬದಲು ಕೊಂಕಣಿಯು ಕೇಳಬಂದಿತು. ಲ್ಯಾಟಿನ್ನಿನ ದನಿಯನ್ನು ಕಿವಿಯಲ್ಲಿಟ್ಟುಕೊಂಡು ಹೋದವನು ಮರಳಿ ಬಂದು ಇಗರ್ಜಿಯಲ್ಲಿ ತನ್ನ ತಾಯ್ನುಡಿಯನ್ನೇ ಕೇಳಿ, ಹಬ್ಬವು ಮೊದಲಿನಂತಿಲ್ಲವೆಂದು ನೊಂದರೆ ಆಶ್ಚರ್ಯವಿಲ್ಲ. ಮರಳಿ ಬಂದವನ ‘ಹಿಂದು’ ಎಂಬುದು ಅವನು ಹೊರಟ ದಿನಕ್ಕೆ ನಿಂತುಹೋಗಿರುವುದು. ಊರು ಮಾತ್ರ ನಡೆಯುತ್ತಲೇ ಇರುವುದು.

೫

ಇನ್ನು ಪ್ರಯಾಣದ ಸಾಧನಗಳ ವಿಷಯ. ಜೀವನೋಪಾಯವನ್ನರಸಿ ಕೆನರಾದ ಕ್ರೈಸ್ತರು ಮುಂಬಯಿ, ಮದರಾಸು, ಬೆಂಗಳೂರುಗಳಿಗೆ ಹೋಗತೊಡಗಿದುದು ಹತ್ತೊಂಬತ್ತನೆಯ ಶತಮಾನದ ಉತ್ತರಭಾಗದಿಂದ. ಮುಂಬಯಿಗೆ ಮಾರ್ಗವೆಂದರೆ ಕಡಲೇ. ಕರಾವಳಿಯ ಉಗಿಹಡಗುಗಳು ಮಳೆಗಾಲದಲ್ಲಿ ನಿಂತುಹೋಗುತ್ತಿದ್ದುವು. ಈ ಸಂಗತಿಗೂ ಹಬ್ಬಕ್ಕೂ ಇರುವ ಸಂಬಂಧವು ವಿಚಾರಾರ್ಹವಾಗಿದೆ.

ಈ ಜನರಿಗೆ ಎರಡು ದೊಡ್ಡ ಮನೆಹಬ್ಬಗಳುಂಟು. ಒಂದು ಸೆಪ್ಟೆಂಬರ್ ೮ರ ಮೊಂತಿ ಹಬ್ಬ, ಎಂದರೆ ಮರಿಯಮ್ಮನವರ ಜನ್ಮದಿನ; ಅಂದು ಹೊಸ ಬತ್ತದ ತೆನೆಯನ್ನು ಇಗರ್ಜಿಯಲ್ಲಿ ಹರಸಿ ಮನೆಗೆ ತಂದು, ಸಸ್ಯಾಹಾರದ ಊಟದಲ್ಲಿ ಅದರ ಕಾಳನ್ನು ಬೆರಸಿ ಉಣ್ಣುವರು. ಇನ್ನೊಂದು ನತಾಲ್. ಮೊಂತಿ ಹಬ್ಬವು ಮಳೆಯ ತುದಿಯಲ್ಲಿ, ಕಡಲು ಇನ್ನೂ ಪೂರ್ಣವಾಗಿ ತೆರೆಯದಿರುವಾಗ ಬರುವುದು. ನತಾಲ್ ಕಡಲು ಶಾಂತವಾಗಿರುವ ಕಾಲದಲ್ಲಿ ಬರುವುದು. ಮೊಂತಿ ಹಬ್ಬಕ್ಕೆ ದೂರದಲ್ಲಿರುವವರು ಬರಲಾರದಾಗ ಹರಸಿದ ತೆನೆಯ ಕಾಳುಗಳನ್ನು ಅಂಚೆಯ ಲಕೋಟೆಯಲ್ಲಿಟ್ಟು ಅವರಿಗೆ ಕಳುಹಿಸುವ ವಾಡಿಕೆಯು ಬೆಳೆಯಿತು. ಒಂದು ಹಬ್ಬದಲ್ಲಿ ಮನೆಯ ಅನ್ನವು ಮಕ್ಕಳನ್ನು ಹುಡುಕಿಕೊಂಡು ಹೋಗುವುದು. ಇನ್ನೊಂದರಲ್ಲಿ ಮಕ್ಕಳು ಮನೆಯನ್ನು ಹುಡುಕಿಕೊಂಡು ಬರುವರು. ನತಾಲ್ ಮರಳುವಿಕೆಯ ಹಬ್ಬವಾದುದಕ್ಕೆ ಮತದ ಕಾರಣದೊಡನೆ ಮಾರುತದ ಕಾರಣವನ್ನೂ ಎಣಿಸಬೇಕು.

೧೯೦೭ರಲ್ಲಿ ಮದರಾಸಿನ ಕಡೆಯ ರೈಲುಮಾರ್ಗವು ಮಂಗಳೂರನ್ನು ಮುಟ್ಟಿತು. ೧೯೫೧ರಲ್ಲಿ ಬಜ್ಪೆಯ ವಿಮಾನ ನಿಲ್ದಾಣವು ತೆರೆಯಿತು. ಅದರ ಪ್ರಾರಂಭದ ದಿನವು ಡಿಸೆಂಬರ್ ೨೫ ಆಗಿದ್ದುದು ಆಕಸ್ಮಿಕವಾದರೂ ಅರ್ಥವತ್ತಾಗಿದೆ. ೧೯೭೩ರಲ್ಲಿ ಎಣ್ಣೆಯ ಬೆಲೆ ಏರಿದ ಮೇಲೆ ಪರ್ಷಿಯನ್ ಕೊಲ್ಲಿಯ ರಾಜ್ಯಗಳಲ್ಲಿ ಕೆಲಸಗಳು ಹೆಚ್ಚಿ, ಕರಾವಳಿಯ ಸಕಲ ಮತಗಳ ಯುವಕರೂ ಅತ್ತ ಹೊರಟರು. ೧೯೯೮ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ಮುಂಬಯಿಯ ಹಾದಿಯು ಒಂದು ರಾತ್ರಿಯದಾಯಿತು. ೨೦೦೬ರಲ್ಲಿ ಮಂಗಳೂರಿನಿಂದ ದುಬೈಗೆ ನೇರವಾದ ವಿಮಾನವು ಏರ್ಪಟ್ಟಿತು.

ಕೊಲ್ಲಿಯ ರಾಜ್ಯಗಳಲ್ಲಿ ಡಿಸೆಂಬರ್ ೨೫ ಸಾಮಾನ್ಯವಾಗಿ ಕೆಲಸದ ದಿನವೇ. ದುಬೈಯಲ್ಲಿಯೂ ಕುವೈತಿನಲ್ಲಿಯೂ ಇಗರ್ಜಿಗಳಿರುವುವು. ಸೌದಿ ಅರೇಬಿಯಾದಲ್ಲಿ ಇಲ್ಲ. ಎರಡು ವರ್ಷಗಳ ಕರಾರಿನ ಮೇಲೆ ಹೋದವನು ರಜೆಯನ್ನು ಉಳಿಸಿ, ದಿನಗಳನ್ನು ಎಣಿಸಿ, ಡಿಸೆಂಬರಿಗೆ ಹೊಂದಿಸಿಕೊಳ್ಳುವನು. ಮೇಲಧಿಕಾರಿಯು ರಜೆಯನ್ನು ಕೊಡದೆಹೋದರೆ ಎರಡು ವರ್ಷಗಳು ನಾಲ್ಕಾಗುವುವು. ಹೀಗೆ ಸಂಬಳದ ಲೆಕ್ಕದಲ್ಲಿ ಎಷ್ಟನ್ನು ಕಳೆದರೆ ಒಂದು ರಾತ್ರಿಯ ಪೂಜೆಯು ದೊರೆಯುವುದೆಂಬ ಗಣಿತವನ್ನು ಸಾವಿರಾರು ಕುಟುಂಬಗಳು ವರ್ಷವರ್ಷವೂ ಮಾಡಿರುವುವು.

೬

ಮೇಲ್ಕಂಡ ಸಂಗತಿಗಳಿಂದ ಈ ಹಬ್ಬದಲ್ಲಿ ಎರಡು ಭಾಗಗಳನ್ನು ವಿಂಗಡಿಸಬಹುದೆಂದು ತೋರುತ್ತದೆ: ಒಯ್ಯಬಹುದಾದುದು, ಒಯ್ಯಲಾಗದುದು.

ಒಯ್ಯಬಹುದಾದುವು ಪ್ರಾರ್ಥನೆ, ಹಾಡು, ನುಡಿ ಮತ್ತು ಕುಸ್ವಾರ್. ಕುಸ್ವಾರಿನ ತಿಂಡಿಗಳಲ್ಲಿ ಹೆಚ್ಚಿನವು ಎಣ್ಣೆಯಲ್ಲಿ ಕರಿದು ನೀರಿನಂಶವನ್ನು ಕಳೆದುಕೊಂಡಂಥವು. ಡಬ್ಬದಲ್ಲಿ ಮುಚ್ಚಿಟ್ಟರೆ ವಾರಗಳ ವರೆಗೆ ಕೆಡುವುದಿಲ್ಲ. ಹಬ್ಬಕ್ಕೆ ಮುಂಚೆ ಮಾಡಿಡುವುದಕ್ಕೂ, ನೆರೆಯ ಹಿಂದೂ ಮುಸಲ್ಮಾನರ ಮನೆಗಳಿಗೆ ತಟ್ಟೆಯಲ್ಲಿ ಕಳುಹಿಸುವುದಕ್ಕೂ, ಹೊರಡುವ ಮಗನ ಪೆಟ್ಟಿಗೆಯಲ್ಲಿ ತುಂಬುವುದಕ್ಕೂ ಇದೇ ಗುಣವು ಅನುಕೂಲಿಸುವುದು. ಅಲೆದಾಡುವ ಜನರ ಹಬ್ಬಕ್ಕೆ ಅಲೆದಾಟವನ್ನು ತಾಳುವ ತಿಂಡಿಯು ಒದಗಿದುದು ಯುಕ್ತವೇ ಆಗಿದೆ.

ಒಯ್ಯಲಾಗದುವು ಬೇರೆ. ಅಕ್ಕಿಯ ಹಿಟ್ಟನ್ನು ತಾಜಾ ಶೇಂದಿಯಿಂದ ಉಬ್ಬಿಸಿ ಹಬೆಯಲ್ಲಿ ಬೇಯಿಸುವ ಸನ್ನಾಂ ಎಂಬ ಕಡುಬನ್ನು ಹಬ್ಬದ ಬೆಳಗ್ಗೆ ಹಂದಿಮಾಂಸದ ಬಾಫಾತಿನೊಡನೆ ಉಣ್ಣುವರು. ಅದು ಅಂದಿನದು ಅಂದಿಗೇ ಮುಗಿಯಬೇಕು. ಗೋದಲಿಯಲ್ಲಿ ಕ್ರಿಸ್ತನ ಹುಟ್ಟಿನ ಬೊಂಬೆಗಳನ್ನಿಡುವ ಕ್ರಮವನ್ನು ೧೨೨೩ರಲ್ಲಿ ಇಟಲಿಯ ಗ್ರೆಚ್ಚೊ ಗ್ರಾಮದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸನು ಆರಂಭಿಸಿದನೆಂದು ಪ್ರಸಿದ್ಧಿ. ಕರಾವಳಿಯ ಮಕ್ಕಳು ಆ ಗೋದಲಿಗಾಗಿ ಹಬ್ಬಕ್ಕೆ ಎಷ್ಟೋ ದಿನ ಮುಂಚಿತವಾಗಿ ತಟ್ಟೆಗಳಲ್ಲಿ ಬತ್ತವನ್ನು ಬಿತ್ತಿ ಹಸುರು ಗದ್ದೆಯನ್ನು ಮಾಡುವರು. ಬೆತ್ಲೆಹೇಮಿನ ಸುತ್ತಲೂ ಬತ್ತದ ಸಸಿಗಳು ನಿಲ್ಲುವುವು. ಬಾಗಿಲಿನಲ್ಲಿ ತೂಗುವ ನಕ್ಷತ್ರವನ್ನು ಬಿದಿರಿನ ಕಡ್ಡಿಗೆ ಬಣ್ಣದ ಕಾಗದವನ್ನಂಟಿಸಿ ಕಟ್ಟುವರು. ಎರಡು ತಿಂಗಳ ಮೊದಲು ದೀಪಾವಳಿಯಲ್ಲಿ ನೆರೆಮನೆಯವರು ಗೂಡುದೀಪವನ್ನು ಕಟ್ಟಿದ ಕೌಶಲವೇ ಇಲ್ಲಿಯದು. ಇಂಥ ಗದ್ದೆಯೂ ನೆರೆಹೊರೆಯೂ ಹಿರಿಯರ ಮನೆಯೂ ವಿಮಾನದಲ್ಲಿ ಹೋಗಲಾರವು. ಶ್ರೀರಂಗಪಟ್ಟಣದ ಸೆರೆಯಲ್ಲಿದ್ದವರು ಕಳೆದುಕೊಂಡುದು ಮುಖ್ಯವಾಗಿ ಈ ಭಾಗವನ್ನು. ದುಬೈಯ ಕೊಠಡಿಯಲ್ಲಿ ಡಬ್ಬವನ್ನು ತೆರೆದು ಕಿಡಿಯೊ ತಿನ್ನುವವನಿಗೆ ಇಲ್ಲದಿರುವುದೂ ಇದೇ. ಇಬ್ಬರ ಕಷ್ಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರ್ವಥಾ ಸಲ್ಲದು. ಒಬ್ಬನು ಬಲಾತ್ಕಾರದಿಂದ ಹೋದವನು, ಇನ್ನೊಬ್ಬನು ಸಂಬಳಕ್ಕಾಗಿ ಹೋದವನು. ಆದರೂ ಇಬ್ಬರನ್ನೂ ಮನೆಯ ಕಡೆಗೆ ತಿರುಗಿಸಿದ ಬಯಕೆಯು ಒಂದೇ ಜಾತಿಯದು.

೭

ಈ ದೃಷ್ಟಿಯಿಂದ ನೋಡಿದರೆ ಇಂದಿನ ಸ್ಥಿತಿಯು ಚಿಂತನೀಯವಾಗಿದೆ. ಒಯ್ಯಬಹುದಾದ ಭಾಗಕ್ಕೆ ಇಂದು ಕೊರತೆಯಿಲ್ಲ. ಕುಸ್ವಾರನ್ನು ಮಂಗಳೂರಿನ ಬೇಕರಿಗಳಲ್ಲಿ ಪೊಟ್ಟಣಗಳಾಗಿ ಮಾರುವರು. ಬೇಕಾದ ದೇಶಕ್ಕೆ ಕಳುಹಿಸಿಯೂ ಕೊಡುವರು. ನಡುರಾತ್ರಿಯ ಪೂಜೆಯನ್ನು ಸಾವಿರಾರು ಮೈಲಿಗಳಾಚೆ ಪರದೆಯ ಮೇಲೆ ನೋಡಬಹುದು. ಕ್ಷೀಣಿಸುತ್ತಿರುವುದು ಒಯ್ಯಲಾಗದ ಭಾಗ. ಮಕ್ಕಳೆಲ್ಲರೂ ಹೊರಗಿದ್ದು ವೃದ್ಧ ತಂದೆತಾಯಿಗಳು ತೀರಿಕೊಂಡ ಮೇಲೆ ಹಿರಿಯರ ಮನೆಗೆ ಬೀಗ ಬೀಳುವುದು. ಪಾಲುದಾರರು ಒಪ್ಪಿದರೆ ಮಾರಾಟವಾಗುವುದು. ಮರಳಿ ಬಂದವನು ಆಗ ಹೋಟೆಲಿನಲ್ಲಿಳಿದು ಪೂಜೆಯನ್ನು ಕೇಳಿ ಹಿಂತಿರುಗುವನು. ಇಗರ್ಜಿಯಲ್ಲಿ ಅವನಿಗೆ ಸ್ಥಳವಿದೆ. ಪೂಜೆಯಾದ ಮೇಲೆ ನಡೆದುಹೋಗಲು ಮನೆಯಿಲ್ಲ.

ಇದರಿಂದ ಹಬ್ಬವು ಅಳಿಯುವುದೆಂದು ಭವಿಷ್ಯವನ್ನು ನುಡಿಯುವುದು ಸಾಹಸವಾದೀತು. ಗೋವೆಯನ್ನು ಬಿಟ್ಟವರಿಗೂ ಒಮ್ಮೆ ಹಿರಿಯರ ಮನೆಯು ತಪ್ಪಿಹೋಯಿತು. ಅವರು ಕೆನರಾದಲ್ಲಿ ಹೊಸ ಮನೆಗಳನ್ನು ಹಿರಿಯರ ಮನೆಗಳನ್ನಾಗಿ ಮಾಡಿದರು. ಕೊಡಗಿಗೆ ಓಡಿಹೋದವರೂ ಹಾಗೆಯೇ ಮಾಡಿದರು. ಆದರೆ ಅವರೆಲ್ಲರೂ ಅದನ್ನು ಸಾಧಿಸಿದುದು ಕೈಯಲ್ಲಿಯೂ ನಾಲಗೆಯಲ್ಲಿಯೂ ಹಳೆಯ ಕ್ರಮವನ್ನು ಹಿಡಿದುಕೊಂಡಿದ್ದ ಹಿರಿಯರು ತಮ್ಮೊಡನಿದ್ದುದರಿಂದ. ೧೭೯೯ರಲ್ಲಿ ಆ ಹಿರಿಯರ ಸಂಖ್ಯೆಯು ಅಲ್ಪವಾಗಿದ್ದರೂ ಸಾಕಾಯಿತು. ಕಿಡಿಯೊವನ್ನು ಬಾಚಣಿಗೆಯ ಮೇಲೆ ಒತ್ತಲು ಬಲ್ಲವರು, ಸನ್ನಾಂ ಹಿಟ್ಟಿನ ಹದವನ್ನು ಬೆರಳಿನಿಂದ ತಿಳಿಯುವವರು, ಅವುಗಳ ಒಂದೊಂದು ಹಂತಕ್ಕೂ ಇರುವ ಕೊಂಕಣಿ ಪದವನ್ನು ಹೇಳಬಲ್ಲವರು ಈಗಲೂ ನಮ್ಮ ನಡುವೆ ಇರುವರು. ಅವರಲ್ಲಿ ಬಹುಮಂದಿ ವಯೋವೃದ್ಧರು.

ಆದಕಾರಣ ವಿದ್ವಾಂಸರಲ್ಲಿಯೂ ಅಧ್ಯಾಪಕರಲ್ಲಿಯೂ ಒಂದು ವಿನಂತಿ. ಕರಾವಳಿಯ ಪ್ರತಿಯೊಂದು ಇಗರ್ಜಿಯ ವ್ಯಾಪ್ತಿಯಲ್ಲಿಯೂ ಕುಸ್ವಾರಿನ ಹೆಸರುಗಳು, ಮಾಡುವ ಕ್ರಮ, ಹಂಚುವ ಮನೆಗಳ ಪರಂಪರೆ ಇವುಗಳನ್ನು ಬರೆದಿಡಬೇಕು. ಮುಂಬಯಿಯಿಂದಲೂ ಕೊಲ್ಲಿಯ ರಾಜ್ಯಗಳಿಂದಲೂ ಮನೆಗೆ ಬರೆದ ಕಾಗದಗಳು ಕನ್ನಡ ಲಿಪಿಯ ಕೊಂಕಣಿಯಲ್ಲಿ ಎಷ್ಟೋ ಪೆಟ್ಟಿಗೆಗಳಲ್ಲಿ ಬಿದ್ದಿರುವುವು. ಮನೆಗಳು ಮಾರಾಟವಾಗುವಾಗ ಅವು ಮೊದಲು ನಾಶವಾಗುವುವು. ಹಬ್ಬಕ್ಕೆ ಬರಲಾರದೆ ಬರೆದ ಕಾಗದವು ಹಬ್ಬದ ಚರಿತ್ರೆಗೆ ಬಂದವರ ಮಾತಿಗಿಂತಲೂ ಹೆಚ್ಚಿನ ಸಾಮಗ್ರಿಯನ್ನು ಒದಗಿಸಬಲ್ಲುದು. ಸೆರೆಯ ಹದಿನೈದು ವರ್ಷಗಳ ನತಾಲನ್ನು ಅನುಭವಿಸಿದವರ ಮಾತುಗಳನ್ನು ಕೇಳಿ ಬರೆದಿಡುವ ಕಾಲವು ಕಳೆದುಹೋಯಿತು. ಈಗಿನ ಅಗಲಿಕೆಯ ಮಾತುಗಳನ್ನು ಬರೆದಿಡುವ ಕಾಲವು ಇನ್ನೂ ನಮ್ಮ ಕೈಯಲ್ಲಿದೆ; ಈ ಕಾರ್ಯವನ್ನು ಮುಂದಿನ ಡಿಸೆಂಬರಿನಲ್ಲಿ, ಮಕ್ಕಳು ಮನೆಯಲ್ಲಿರುವ ಆ ಹತ್ತು ಹದಿನೈದು ದಿನಗಳಲ್ಲಿಯೇ, ಆರಂಭಿಸುವುದು ಯುಕ್ತ.